ಕಡಲೆಂದರೆ ಪ್ರವಾಸದ ಕೊನೆಯ ಅರ್ಧ ಗಂಟೆಯಲ್ಲ

ನವೆಂಬರ್ ಬಂತೆಂದರೆ ಸಾಕು, ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಸ್ಟಾಫ್ ರೂಮಿನಲ್ಲಿ ಒಂದೇ ಪ್ರಶ್ನೆ. ಈ ಸಲ ಪ್ರವಾಸ ಎಲ್ಲಿಗೆ? ತೆಂಕಣಕ್ಕೆ ಹೋದರೆ ವಯನಾಡು, ಕೊಚ್ಚಿ. ಬಡಗಣಕ್ಕೆ ಹೋದರೆ ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ. ನಮ್ಮ ಪೋಷಕರ ಒಲವು ಹೆಚ್ಚಾಗಿ ಬಡಗಣಕ್ಕೇ. ದೇವರ ದರ್ಶನವೂ ಆಯಿತು, ಮಕ್ಕಳು ನಾಲ್ಕು ಕನ್ನಡದ ಬೋರ್ಡು ಓದಿದ ಹಾಗೂ ಆಯಿತು ಎನ್ನುವ ಲೆಕ್ಕ. ಲೆಕ್ಕ ತಪ್ಪಲ್ಲ. ಗಡಿಯಾಚೆಗಿನ ಕನ್ನಡ ಶಾಲೆಯ ಮಗುವಿಗೆ ಬಸ್ ನಿಲ್ದಾಣದಲ್ಲಿ, ಅಂಗಡಿಯಲ್ಲಿ, ಪೊಲೀಸ್ ಠಾಣೆಯ ಗೋಡೆಯಲ್ಲಿ ತನ್ನ ಪಠ್ಯಪುಸ್ತಕದ ಅಕ್ಷರವೇ ಕಾಣುವುದೆಂದರೆ ಸಣ್ಣ ಸಂಗತಿಯಲ್ಲ. ಅದರ ಖುಷಿ ಗಡಿಯ ಒಳಗೇ ಇರುವವರಿಗೆ ಹೇಳಿದರೂ ಅರ್ಥವಾಗದು.

ನಮ್ಮ ತಕರಾರು ಬೇರೆ. ಈ ಪ್ರವಾಸಗಳ ವೇಳಾಪಟ್ಟಿಯನ್ನು ಒಮ್ಮೆ ನೋಡಿ. ಬೆಳಗ್ಗೆ ಕೊಲ್ಲೂರು, ಊಟಕ್ಕೆ ಮುರುಡೇಶ್ವರ, ಸಂಜೆ ಗೋಕರ್ಣ, ಮರುದಿನ ಇನ್ನು ನಾಲ್ಕು ಊರು. ಒಂದೊಂದು ಕ್ಷೇತ್ರಕ್ಕೆ ಒಂದೂವರೆ ಗಂಟೆ. ಅದರಲ್ಲಿ ಚಪ್ಪಲಿ ಬಿಡುವುದಕ್ಕೆ, ಸಾಲು ನಿಲ್ಲುವುದಕ್ಕೆ, ತಲೆ ಎಣಿಸುವುದಕ್ಕೆ ಒಂದು ಗಂಟೆ. ಕೊನೆಗೆ ಒಂದು ಸಾಲು: ‘ಸಮುದ್ರ – ಅರ್ಧ ಗಂಟೆ’. ಆ ಅರ್ಧ ಗಂಟೆಯ ಬಗ್ಗೆಯೇ ಈ ಬರಹ.

2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡರು. ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆಯ ವಸತಿ ಶಾಲೆಯ ಮಕ್ಕಳು. ಕಡಲಿನಿಂದ ಅಷ್ಟು ದೂರದ ಒಣನಾಡಿನವರು. ಬೀಚಿಗೆ ಪ್ರವೇಶ ನಿಲ್ಲಿಸಿದರು, ಅಧ್ಯಾಪಕರ ಮೇಲೆ ಕ್ರಮವಾಯಿತು, ಒಂದು ವಾರ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಆಮೇಲೆ ಮುಂದಿನ ಪ್ರವಾಸದ ಕಾಲವೂ ಬಂತು. ನಮ್ಮ ಕೇರಳದಲ್ಲಿ 2022ರ ಅಕ್ಟೋಬರ್ 5ರ ರಾತ್ರಿ ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯ ಬಳಿ ಶಾಲಾ ಪ್ರವಾಸದ ಬಸ್ಸು ಅಪಘಾತವಾಗಿ 9 ಮಂದಿ ಸತ್ತಾಗ ರಾತ್ರಿ ಪ್ರಯಾಣ ಬೇಡ ಎಂಬ ನಿಯಮ ಬಿಗಿಯಾಯಿತು. ಬಸ್ಸಿನ ದಾಖಲೆ, ಚಾಲಕನ ನಿದ್ದೆ, ವೇಗ ಎಲ್ಲದರ ಬಗ್ಗೆ ನಾವೀಗ ಕೇಳುತ್ತೇವೆ. ಕಡಲಿನ ಬಗ್ಗೆ ಏನು ಕೇಳುತ್ತೇವೆ? ‘ಹುಷಾರು ಮಕ್ಕಳೇ, ದೂರ ಹೋಗಬೇಡಿ’ ಎನ್ನುವುದೊಂದೇ. ದೂರ ಎಂದರೆ ಎಷ್ಟು, ಯಾವ ಕಡೆಗೆ, ಯಾಕೆ ಎಂದು ಹೇಳುವವರಿಲ್ಲ. ಹೇಳಬೇಕಾದವರು ಅಧ್ಯಾಪಕರು, ಆದರೆ ಅಧ್ಯಾಪಕರಿಗೆ ಹೇಳಿಕೊಟ್ಟವರು ಯಾರು?

ಹಾಗೆಂದು ಕಡಲ ತೀರದ ಕ್ಷೇತ್ರಗಳೇ ಬೇಡ ಎನ್ನುವ ಗುಂಪಿನವರು ನಾವಲ್ಲ. ನಮ್ಮ ಹೇಳಿಕೆ ಇಷ್ಟೇ. ಅಂಥ ಕ್ಷೇತ್ರದಲ್ಲಿ ಕಡಲು ದೇವಸ್ಥಾನದ ಪಕ್ಕದ ಆಟದ ಬಯಲಲ್ಲ, ಅದು ಕ್ಷೇತ್ರದ ಅರ್ಧಭಾಗ. ಆ ಅರ್ಧವನ್ನು ಬಲ್ಲವರ ಹಾಗೆ ಕಾಣಲು ಸಮಯವಿದ್ದರೆ ಮಕ್ಕಳನ್ನು ಕರಕೊಂಡು ಹೋಗೋಣ, ಇಲ್ಲದಿದ್ದರೆ ಬೇಡ.

ಗೋಕರ್ಣವನ್ನೇ ತೆಗೆದುಕೊಳ್ಳಿ. ಕಾಸರಗೋಡಿನಿಂದ ಹೆಚ್ಚುಕಡಿಮೆ 280 ಕಿಲೋಮೀಟರ್. ರಾವಣನ ಕಥೆ ಎಲ್ಲರಿಗೂ ಗೊತ್ತು. ಕೈಲಾಸದಿಂದ ಆತ್ಮಲಿಂಗ ತರುತ್ತಿದ್ದವನಿಗೆ ದಾರಿಯಲ್ಲಿ ಸಂಧ್ಯೆಯ ಹೊತ್ತಾದಂತೆ ಕಂಡಿತು, ದನ ಕಾಯುವ ಹುಡುಗನ ವೇಷದ ಗಣಪತಿಯ ಕೈಗೆ ಲಿಂಗ ಕೊಟ್ಟು ಅರ್ಘ್ಯ ಬಿಡಲು ನೀರಿಗಿಳಿದ, ಹುಡುಗ ಮೂರು ಸಲ ಕರೆದು ಲಿಂಗವನ್ನು ನೆಲಕ್ಕಿಟ್ಟುಬಿಟ್ಟ. ರಾವಣನ ಬಲ, ಗಣಪತಿಯ ಚಾತುರ್ಯ ಎಲ್ಲ ಹೇಳುತ್ತೇವೆ. ಆದರೆ ಇಡೀ ಕಥೆ ನಿಂತಿರುವುದು ಹೊತ್ತಿನ ಮೇಲೆ. ನೀರಿಗೆ ಇಳಿಯಲು ಒಂದು ಹೊತ್ತಿದೆ, ಅದನ್ನು ಮೀರಬಾರದು ಎಂಬ ನಿಯಮ ರಾವಣನಂಥವನಿಗೂ ಇತ್ತು! ನಾವು ಮಧ್ಯಾಹ್ನ ಮೂರು ಗಂಟೆಗೆ ಬಸ್ಸಿನಿಂದ ಇಳಿದವರು ನೇರ ಅಲೆಗೆ ಓಡುತ್ತೇವೆ.

ಇನ್ನೊಂದು ಕಥೆ ಇದಕ್ಕಿಂತ ಸ್ವಾರಸ್ಯದ್ದು, ಆದರೆ ಮಕ್ಕಳಿಗೆ ಹೇಳುವವರು ಕಡಿಮೆ. ಬ್ರಹ್ಮಾಂಡ ಪುರಾಣದಲ್ಲಿದೆ. ಸಗರನ ಮಕ್ಕಳು ಭೂಮಿ ಅಗೆದದ್ದರಿಂದ ಕಡಲು ಉಕ್ಕಿ ಗೋಕರ್ಣ ಕ್ಷೇತ್ರ ಮುಳುಗಿತಂತೆ. ಅಲ್ಲಿನ ಋಷಿಗಳು ಪರಶುರಾಮನ ಹತ್ತಿರ ಹೋದರು, ಅವನು ವರುಣನನ್ನು ಹಿಂದೆ ಸರಿಸಿ ನೆಲವನ್ನು ಬಿಡಿಸಿಕೊಟ್ಟ. ಪರಶುರಾಮನು ಕೊಡಲಿ ಎಸೆದು ಕಡಲಿನಿಂದ ನೆಲ ಪಡೆದ ಕಥೆ ನಮ್ಮ ತುಳುನಾಡಿನಲ್ಲೂ ಇದೆ, ಮಲಯಾಳದಲ್ಲೂ ಇದೆ. ಮಲಯಾಳಿಗಳು ಕೇರಳದ ಎಲ್ಲೆ ಹೇಳುವಾಗ ‘ಗೋಕರ್ಣದಿಂದ ಕನ್ಯಾಕುಮಾರಿಯವರೆಗೆ’ ಎಂದೇ ಹೇಳುವುದು. ನಮ್ಮ ಮಕ್ಕಳು ಶಾಲೆಯ ಅಂಗಳದಲ್ಲಿ ಮಲಯಾಳದ ಗೆಳೆಯರಿಂದ ಇದನ್ನು ಕೇಳಿರುತ್ತಾರೆ. ‘ಸರ್, ಗೋಕರ್ಣ ಕರ್ನಾಟಕದಲ್ಲಿ ಅಲ್ವಾ? ಕೇರಳ ಅಲ್ಲಿಂದ ಶುರು ಅಂತ ಅವ ಹೇಳ್ತಾನೆ’ ಎಂದು ಕಳೆದ ವರ್ಷ ಏಳನೇ ತರಗತಿಯ ಹುಡುಗನೊಬ್ಬ ದೂರು ತಂದಿದ್ದ. 1956ರ ನವೆಂಬರ್ 1ರಂದು ಎಳೆದ ಗೆರೆ ಬೇರೆ, ಪುರಾಣ ಎಳೆದ ಗೆರೆ ಬೇರೆ ಎಂದು ಅವನಿಗೆ ವಿವರಿಸಲು ಒಂದು ಪೀರಿಯಡ್ಡೇ ಬೇಕಾಯಿತು. ತಮಿಳರ ತೇವಾರದ ಕವಿಗಳಾದ ಸಂಬಂಧರ್ ಮತ್ತು ಅಪ್ಪರ್ ಗೋಕರ್ಣದ ಶಿವನನ್ನು ಹಾಡಿದ್ದಾರೆ. ಕಾಳಿದಾಸ ರಘುವಂಶದ ಎಂಟನೇ ಸರ್ಗದಲ್ಲಿ ತೆಂಕಣ ಕಡಲ ದಡದ ಗೋಕರ್ಣದ ಈಶ್ವರನನ್ನು ನೆನೆದಿದ್ದಾನೆ. 1665ರಲ್ಲಿ ಬಸರೂರಿನ ದಾಳಿಯ ನಂತರ ಶಿವಾಜಿ ಗೋಕರ್ಣಕ್ಕೆ ಬಂದು ಹೋದ. ಒಂದು ಊರನ್ನು ಇಷ್ಟು ಜನ ‘ನಮ್ಮದು’ ಎಂದಿರುವಾಗ ಅದು ಯಾರದು ಎಂಬ ಜಗಳ ನಮ್ಮಂಥ ಗಡಿನಾಡಿನವರಿಗೆ ಸ್ವಲ್ಪ ನಗು ತರಿಸುತ್ತದೆ. (ದೇವಸ್ಥಾನದ ಆಡಳಿತ ಯಾರದು ಎಂಬ ವಿವಾದ 2008ರಿಂದ ಕೋರ್ಟು ಹತ್ತಿ, 2021ರಲ್ಲಿ ಸುಪ್ರೀಂ ಕೋರ್ಟು ಉಸ್ತುವಾರಿ ಸಮಿತಿ ಮಾಡಿತು. ಅದರೊಳಗೆ ನಾವು ಹೋಗುವುದಿಲ್ಲ.)

ಮುರುಡೇಶ್ವರವೂ ಇದೇ ಆತ್ಮಲಿಂಗದ ಕಥೆಗೆ ಸೇರಿದ್ದು. ಸಿಟ್ಟಾದ ರಾವಣ ಲಿಂಗವನ್ನು ಕೀಳಲು ಹೋಗಿ ಆಗದೆ, ಅದಕ್ಕೆ ಸುತ್ತಿದ ಬಟ್ಟೆ, ಕಟ್ಟಿದ ದಾರ, ಇಟ್ಟ ಸಂಪುಟ ಎಲ್ಲ ಎಸೆದ. ಬಿದ್ದ ಕಡೆಗಳೇ ಮುರುಡೇಶ್ವರ, ಧಾರೇಶ್ವರ, ಗುಣವಂತೆ, ಕಾರವಾರದ ಬಳಿಯ ಶೆಜ್ಜೇಶ್ವರ. ಮುರುಡೇಶ್ವರದಲ್ಲಿ ಕಂದುಕ ಗುಡ್ಡವನ್ನು ಮೂರು ಕಡೆ ಕಡಲು ಸುತ್ತಿದೆ. ಆದರೆ ಈಗ ಅಲ್ಲಿಗೆ ಹೋದ ಮಕ್ಕಳು ನೋಡುವುದು 123 ಅಡಿಯ ಶಿವನನ್ನು, 237 ಅಡಿಯ ಗೋಪುರವನ್ನು, ಗೋಪುರದ ಒಳಗಿನ ಲಿಫ್ಟನ್ನು. ಕತ್ತೆತ್ತಿ ನೋಡಿ ನೋಡಿ ಕೆಳಗಿನ ನೀರು ಕಣ್ಣಿಗೇ ಬೀಳುವುದಿಲ್ಲ. ಲಿಫ್ಟು ಇಳಿದ ಉತ್ಸಾಹದಲ್ಲೇ ಅಲೆಗೆ ಓಡುತ್ತವೆ ಮಕ್ಕಳು. ಗೋಕರ್ಣದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ದೊಡ್ಡದೆಂದು ತೋರಿಸಲು ಏನೂ ಇಲ್ಲ. ಅಂಗಿ ಕಳಚಿ ಒಳಗೆ ಹೋಗಬೇಕು (ಕೇರಳದ ದೇವಸ್ಥಾನಗಳನ್ನು ಕಂಡ ನಮ್ಮ ಹುಡುಗರಿಗೆ ಇದು ಹೊಸತಲ್ಲ), ಪೀಠದ ನಡುವಿನ ಸಣ್ಣ ಕುಳಿಯೊಳಗೆ ಬೆರಳಿಟ್ಟು ಲಿಂಗದ ತುದಿಯನ್ನು ಮುಟ್ಟಬೇಕು. ಕಣ್ಣಿಗಿಂತ ಬೆರಳಿಗೆ ಸಿಗುವ ದೇವರು. ‘ಇಷ್ಟೇನಾ?’ ಎಂದು ಮಕ್ಕಳು ಮುಖ ನೋಡುತ್ತಾರೆ. ಆ ಪ್ರಶ್ನೆ ಒಳ್ಳೆಯದು. ಅದಕ್ಕೆ ಉತ್ತರ ಹೇಳಲು ಸಂಜೆಯೊಂದು ಕೈಯಲ್ಲಿರಬೇಕು, ಬಸ್ಸು ಹಾರ್ನ್ ಹೊಡೆಯುತ್ತಿರಬಾರದು.

ಹಿಂದಿನವರು ಇಲ್ಲಿಗೆ ಹೇಗೆ ಬರುತ್ತಿದ್ದರು? ಮೊದಲು ಸ್ನಾನ, ಆಮೇಲೆ ಗಣಪತಿ, ಆಮೇಲೆ ಮಹಾಬಲೇಶ್ವರ. ಸ್ನಾನಕ್ಕೆ ಕಡಲು, ಕೋಟಿತೀರ್ಥದ ಕೆರೆ. ಕಡಲ ಸ್ನಾನವೆಂದರೆ ಈಜಲ್ಲ. ಹಿರಿಯರೊಬ್ಬರು ಮುಂದೆ, ಕಿರಿಯರು ಅವರ ಕೈ ಹಿಡಿದು, ಮೊಣಕಾಲು ಮಟ್ಟದ ನೀರಿನಲ್ಲಿ ಕೂತು ಮೂರು ಮುಳುಗು, ಎದ್ದು ಅರ್ಘ್ಯ, ದಡಕ್ಕೆ. ಎಲ್ಲ ಸೇರಿ ಐದು ನಿಮಿಷ. ಇನ್ನೂ ಒಂದು ಮಾತಿತ್ತು. ಅಶ್ವತ್ಥವನ್ನು ಶನಿವಾರ ಮಾತ್ರ, ಸಾಗರವನ್ನು ಪರ್ವಕಾಲದಲ್ಲಿ ಮಾತ್ರ ಮುಟ್ಟಬೇಕು, ಉಳಿದ ದಿನ ದೂರದಿಂದ ಕೈಮುಗಿಯಬೇಕು ಎಂದು. ನಮ್ಮ ಮನೆಯ ಹಿರಿಯರು ಇದನ್ನು ಹೇಳುವಾಗ ಮೂಢನಂಬಿಕೆ ಎಂದು ನಗುವವರು ಇದ್ದರು. ಈಗ ನೋಡಿದರೆ ವರ್ಷಕ್ಕೆ ಹತ್ತಾರು ದಿನ ಬಿಟ್ಟು ಉಳಿದೆಲ್ಲ ದಿನ ಕಡಲಿಗೆ ಇಳಿಯಬೇಡ ಎನ್ನುವ ಬೋರ್ಡು ಅದು, ಗೋಡೆಯ ಮೇಲಲ್ಲ, ಮನಸ್ಸಿನ ಮೇಲೆ ಬರೆದದ್ದು.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಪರ್ವಕಾಲವೆಂದರೆ ಅಮಾವಾಸ್ಯೆ, ಹುಣ್ಣಿಮೆ. ಸೂರ್ಯ ಚಂದ್ರರ ಸೆಳೆತ ಒಂದಾಗಿ ಉಬ್ಬರ ಅತಿ ಹೆಚ್ಚು, ಇಳಿತ ಅತಿ ಕಡಿಮೆ ಆಗುವುದು ಆಗಲೇ. ಶಿವರಾತ್ರಿ ಬರುವುದು ಅಮಾವಾಸ್ಯೆಯ ಹಿಂದಿನ ದಿನ, ಆಟಿ ಅಮಾವಾಸ್ಯೆ ಬರುವುದು ಮಳೆಗಾಲದ ನಟ್ಟನಡುವೆ. ಪರ್ವದ ದಿನ ಊರಿಗೆ ಊರೇ ದಡದಲ್ಲಿರುತ್ತಿತ್ತು, ಮೀನುಗಾರರಿರುತ್ತಿದ್ದರು, ಅದು ಬೇರೆ ಕಾಲ. ಶಾಲೆಯ ಮಕ್ಕಳನ್ನು ಕರಕೊಂಡು ಹೋಗುವವರು ಪಂಚಾಂಗವನ್ನು ತಿರುಗಿಸಿ ಓದುವುದು ಒಳ್ಳೆಯದು. ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಕಡಿಮೆ. ಹಾಗೆಂದು ಆ ದಿನ ಕಡಲು ಸಾಧುವಾಗಿರುತ್ತದೆ ಎಂದಲ್ಲ. ಉಬ್ಬರವೇ ಬೇರೆ, ಅಲೆಯೇ ಬೇರೆ, ಎಳೆಯುವ ನೀರೇ ಬೇರೆ.

ಈ ಎಳೆಯುವ ನೀರಿನ ಬಗ್ಗೆ ತುಸು ಬಿಡಿಸಿ ಹೇಳಬೇಕು. ಮಕ್ಕಳು ಮುಳುಗುವುದು ಹೆಚ್ಚಾಗಿ ದೊಡ್ಡ ಅಲೆಗಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಬೇಕಲ್ಲ? ಅದು ಎಲ್ಲ ಕಡೆಯಿಂದ ಸಮನಾಗಿ ಹೋಗುವುದಿಲ್ಲ. ಮರಳ ದಿಬ್ಬದ ನಡುವೆ ತಗ್ಗು ಸಿಕ್ಕಿದ ಕಡೆ, ಬಂಡೆಯ ಪಕ್ಕದಲ್ಲಿ, ಒಂದು ತೋಡಿನ ಹಾಗೆ ಒಟ್ಟಾಗಿ ರಭಸದಿಂದ ಹೊರಗೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ, ನೀರಿನ ಬಣ್ಣ ಕಪ್ಪು. ಗೊತ್ತಿಲ್ಲದವರಿಗೆ ಇಡೀ ದಡದಲ್ಲಿ ಅದೇ ಶಾಂತವಾದ, ಇಳಿಯಲು ಲಾಯಕ್ಕಾದ ಜಾಗದ ಹಾಗೆ ಕಾಣುತ್ತದೆ! ಅಲ್ಲಿ ಸೊಂಟದ ಮಟ್ಟದ ನೀರೂ ಕಾಲು ಕಿತ್ತುಬಿಡುತ್ತದೆ. ಪತ್ರಿಕೆಯವರು ‘ಸುಳಿಗೆ ಸಿಲುಕಿ’ ಎಂದು ಬರೆಯುತ್ತಾರೆ. ಇದು ಸುಳಿಯಲ್ಲ, ಕೆಳಕ್ಕೆ ಎಳೆಯುವುದೂ ಇಲ್ಲ, ಹೊರಕ್ಕೆ ಒಯ್ಯುತ್ತದೆ. ಸಿಕ್ಕಿಬಿದ್ದವರು ದಡದ ಕಡೆಗೇ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಹರಿವಿನಿಂದ ಹೊರಬರಬೇಕು, ಬಾರದವರು ತೇಲಿಕೊಂಡು ಕೈಯೆತ್ತಿ ಕರೆಯಬೇಕು. ದಡದಲ್ಲಿದ್ದವರು ಹಿಂದೆಯೇ ಹಾರಬಾರದು, ಹಗ್ಗ, ಕೊಡ, ತೇಲುವ ಏನಾದರೂ ಎಸೆಯಬೇಕು. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋದ ಸುದ್ದಿ ನಾವೆಲ್ಲ ಓದಿದ್ದೇವೆ.

ವಿಜ್ಞಾನದ ಪಾಠದಲ್ಲಿ ಉಬ್ಬರ ಇಳಿತದ ಚಿತ್ರ ಬಿಡಿಸುತ್ತೇವೆ, ಚಂದ್ರ, ಭೂಮಿ, ಬಾಣದ ಗುರುತು. ಈ ಎಳೆತದ ಒಂದು ಚಿತ್ರ ಬಿಡಿಸಲು ಹತ್ತು ನಿಮಿಷ ಸಾಕು. ಈ ವಿಷಯ ತರಗತಿಯಲ್ಲಿ ಎತ್ತಿದಾಗ ಕಡಲ ಕರೆಯ ಮನೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು, ‘ಕಪ್ಪಗೆ ಕಾಣುವಲ್ಲಿ ಇಳಿಯಬಾರದು ಸರ್, ನಮ್ಮ ಅಜ್ಜ ಯಾವಾಗಲೂ ಹೇಳ್ತಾರೆ’ ಎಂದಳು. ಅದೇ ತರಗತಿಯಲ್ಲಿ ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳಿದ್ದರು, ಕರಾವಳಿ ಜಿಲ್ಲೆಯವರೇ ಆಗಿಯೂ ವರ್ಷಕ್ಕೊಮ್ಮೆ ಕಡಲು ಕಾಣುವವರು. ಅವರಿಗೆ ಅದು ಹೊಸ ಸುದ್ದಿ. ಆ ಅಜ್ಜನನ್ನು ಒಂದು ದಿನ ಶಾಲೆಗೆ ಕರೆಸುವುದು ಯಾವ ಮಾಹಿತಿ ಶಿಬಿರಕ್ಕಿಂತಲೂ ಮೇಲು ಎಂದು ನಮ್ಮ ಅಭಿಪ್ರಾಯ.

ಇನ್ನು, ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತು. ನಮ್ಮ ತರಗತಿಗಳಲ್ಲಿ ಎಲ್ಲ ಮತದ ಮಕ್ಕಳಿದ್ದಾರೆ. ದೇವಸ್ಥಾನದ ಪ್ರವಾಸಕ್ಕೆ ಅವರೂ ಗೆಳೆಯರ ಜತೆ ಖುಷಿಯಿಂದ ಬರುತ್ತಾರೆ. ಕೆಲವರು ಒಳಗೆ ಬರುವುದಿಲ್ಲ. ತಿಂಗಳ ದಿನಗಳಲ್ಲಿರುವ ಹೆಣ್ಣುಮಕ್ಕಳೂ ‘ತಲೆನೋವು ಟೀಚರ್’ ಎಂದು ಹೊರಗೆ ಉಳಿಯುತ್ತಾರೆ. ಅಧ್ಯಾಪಕರೆಲ್ಲ ಸಾಲಿನಲ್ಲಿ ಮಕ್ಕಳನ್ನು ಹಿಡಿದುಕೊಂಡು ದೇವಸ್ಥಾನದ ಒಳಗಿರುವಾಗ ಈ ಏಳೆಂಟು ಮಕ್ಕಳು ಎಲ್ಲಿರುತ್ತಾರೆ? ಬಸ್ಸಿನಲ್ಲಿ, ಇಲ್ಲವೇ ಕಡಲ ಬದಿಯಲ್ಲಿ. ಯಾರ ಕಣ್ಣೂ ಇಲ್ಲದೆ. ಕಡಲ ತೀರದ ಕ್ಷೇತ್ರದಲ್ಲಿ ದರ್ಶನದ ಸಮಯವೇ ಅತಿ ಅಪಾಯದ ಸಮಯ ಎಂದು ಇದರಿಂದಲೇ ನಾವು ಹೇಳುವುದು. ಒಳಗೆ ಹೋಗುವವರಿಗೆ ಇಬ್ಬರು ಅಧ್ಯಾಪಕರಾದರೆ ಹೊರಗೆ ಉಳಿಯುವವರಿಗೂ ಇಬ್ಬರು ಬೇಕು. ಅವರನ್ನು ‘ಕಾಯುವುದು’ ಮಾತ್ರವಲ್ಲ, ಅವರಿಗೂ ಏನಾದರೂ ತೋರಿಸಬೇಕು. ದೇವಸ್ಥಾನ ಕೆಲವರದ್ದಾದರೂ ಕಡಲು ಎಲ್ಲರದ್ದು ತಾನೇ? ಉಬ್ಬರ ಎಲ್ಲಿಯವರೆಗೆ ಬಂದಿತ್ತು ಎಂದು ಮರಳಿನ ಮೇಲಿನ ಕಸದ ಗೆರೆ ನೋಡಿ ಹೇಳುವುದು, ಆ ಗೆರೆಯ ಬಳಿ ಕೋಲು ನೆಟ್ಟು ಗಂಟೆಗೊಮ್ಮೆ ಬಂದು ಅಳೆಯುವುದು, ಎರಡು ಉಬ್ಬರದ ನಡುವೆ ಹನ್ನೆರಡೂವರೆ ಗಂಟೆಯ ಅಂತರ ಹೌದೋ ಅಲ್ಲವೋ ಎಂದು ಮರುದಿನ ಬೆಳಗ್ಗೆ ಪರೀಕ್ಷಿಸುವುದು, ಇದಕ್ಕೆ ಯಾವ ಜಾತಿಯ ಅಡ್ಡಿಯೂ ಇಲ್ಲ.

ಇದಕ್ಕೆಲ್ಲ ಒಂದು ರಾತ್ರಿ ಅಲ್ಲಿ ನಿಲ್ಲಬೇಕು. ನಿಂತರೆ ಸಿಗುವುದು ಬಹಳ. ಗೋಕರ್ಣದ ದಡದ ತೆಂಕು ತುದಿಯಲ್ಲಿ ರಾಮತೀರ್ಥವಿದೆ, ಉಪ್ಪು ನೀರಿನ ಪಕ್ಕದಲ್ಲೇ ಗುಡ್ಡದಿಂದ ಸಿಹಿ ನೀರು ಬೀಳುತ್ತದೆ. ಮಕ್ಕಳು ಎರಡನ್ನೂ ನಾಲಗೆಗೆ ಮುಟ್ಟಿಸಿ ನೋಡಲಿ. ಹತ್ತಿರವೇ ಸಾಣಿಕಟ್ಟೆಯ ಉಪ್ಪಿನ ಆಗರಗಳು, ಅಘನಾಶಿನಿಯ ಅಳಿವೆಯ ನೀರನ್ನು ಒಳಗೆ ಬಿಟ್ಟುಕೊಂಡು ಬಿಸಿಲಿಗೆ ಉಪ್ಪು ಮಾಡುವುದು. ಉಪ್ಪು ಏಳುವುದು ಬೇಸಿಗೆಯಲ್ಲಿ. ಅದಕ್ಕೆ ಮೊದಲು ಹೋದರೂ ಆ ಗದ್ದೆಗಳ ಏರ್ಪಾಡು ನೋಡಬಹುದು. ಸಂತೆಯಲ್ಲಿ ಹೂವು ತರಕಾರಿ ಮಾರುವ ಹಾಲಕ್ಕಿ ಹೆಂಗಸರ ಮಾತು ಕೇಳಿದರೆ ಕನ್ನಡಕ್ಕೆ ಎಷ್ಟು ಬಗೆಯ ದನಿಯಿದೆ ಎಂದು ನಮ್ಮ ಮಕ್ಕಳಿಗೆ ತಿಳಿಯುತ್ತದೆ, ತಮ್ಮ ಕಾಸರಗೋಡು ಕನ್ನಡಕ್ಕೆ ನಾಚುವುದೂ ಕಡಿಮೆಯಾದೀತು. ದಾರಿಯಲ್ಲಿ ಹೊನ್ನಾವರಕ್ಕೆ ಮುಂಚೆ ಒಂದು ಫಲಕ ಬರುತ್ತದೆ, ‘ಕಾಸರಕೋಡು’. ಕಳೆದ ಸಲ ಅದನ್ನು ಕಂಡು ಇಡೀ ಬಸ್ಸು ‘ಸರ್, ನಮ್ಮ ಊರು!’ ಎಂದು ಕಿರುಚಿತ್ತು. ಅಲ್ಲಿನ ಕಡಲ ತೀರಕ್ಕೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಸಿಕ್ಕಿದೆ ಎಂದಾಗ ಮಕ್ಕಳಿಗೆ ಆ ಹೆಮ್ಮೆಯಲ್ಲೂ ಪಾಲು ಬೇಕು!

ದೂರ ಹೋಗಲಾಗದ ಶಾಲೆಗಳಿಗೆ ನಮ್ಮಲ್ಲೇ ಬೇಕಲದ ಬಳಿ ತೃಕ್ಕಣ್ಣಾಡಿನ ತ್ರ್ಯಂಬಕೇಶ್ವರ ಇದ್ದಾನೆ. ದೇವಸ್ಥಾನದ ಎದುರಿಗೆ ರಸ್ತೆ, ರಸ್ತೆಯ ಆಚೆ ಕಡಲು. ಕರ್ಕಾಟಕದ ಅಮಾವಾಸ್ಯೆಗೆ ಪಿತೃಗಳಿಗೆ ಬಲಿ ಹಾಕಲು ಜನ ಸೇರುವ ದಡ. ನೀರಿನಲ್ಲಿ ಕಾಣುವ ಬಂಡೆಯನ್ನು ಪಾಂಡ್ಯನ ಕಲ್ಲು ಎನ್ನುತ್ತಾರೆ, ದಾಳಿಗೆ ಬಂದ ಪಾಂಡ್ಯರಾಜನ ಹಡಗು ಶಿವನ ಕಣ್ಣಿಗೆ ಕಲ್ಲಾಯಿತು ಎಂದು ಕಥೆ. ಮಳೆಗಾಲದಲ್ಲಿ ಕಡಲ್ಕೊರೆತ ಅಲ್ಲಿನವರ ನಿದ್ದೆಗೆಡಿಸುತ್ತದೆ. ಗೋಕರ್ಣ ಮುಳುಗಿದ ಪುರಾಣ ಹೇಳಿ ಈ ದಡದಲ್ಲಿ ಮಕ್ಕಳನ್ನು ನಿಲ್ಲಿಸಿದರೆ ಬೇರೆ ವಿವರಣೆ ಬೇಡ.

ಖರ್ಚಿನ ಮಾತು ಬಂದೇ ಬರುತ್ತದೆ. ‘ಅಷ್ಟು ದುಡ್ಡು ಕೊಟ್ಟು ಒಂದೇ ಊರಾ ಮಾಷ್ಟ್ರೇ? ಪಕ್ಕದ ಶಾಲೆಯವರು ಎಂಟು ಕಡೆ ತೋರಿಸಿದ್ದಾರೆ’ ಎಂದು ಮೊನ್ನೆಯ ಪೋಷಕರ ಸಭೆಯಲ್ಲಿ ತಂದೆಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ, ಕೂಲಿ ಮಾಡಿ ಉಳಿಸಿದ ದುಡ್ಡು ಅವರದು. ಎಂಟು ಕಡೆಯ ಡೀಸೆಲಿನ ಬದಲು ಒಂದು ರಾತ್ರಿಯ ಊಟ ವಸತಿ, ಲೆಕ್ಕ ಹಾಕಿದರೆ ದೊಡ್ಡ ವ್ಯತ್ಯಾಸವಿಲ್ಲ ಎಂದು ಬೋರ್ಡಿನಲ್ಲೇ ಕೂಡಿಸಿ ಕಳೆದು ತೋರಿಸಿದೆವು. ಮಕ್ಕಳು ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯುವುದಿಲ್ಲ, ಲೈಫ್ ಗಾರ್ಡ್ ಇಲ್ಲದ ದಡದಲ್ಲಿ ಅದೂ ಇಲ್ಲ ಎಂದಾಗ ತಾಯಂದಿರು ತಲೆಯಾಡಿಸಿದರು, ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಕ್ಕಳು ಮುಖ ಊದಿಸಿದರು. ಸ್ನಾನದ ಪುಣ್ಯ ಬೇಕೆನ್ನುವವರಿಗೆ ದಡದಲ್ಲೇ ನಿಂತು ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕೆಂದು ಅಜ್ಜಿಯೊಬ್ಬರು ತೀರ್ಪು ಕೊಟ್ಟದ್ದರಿಂದ ನಮ್ಮ ಕೆಲಸ ಸುಲಭವಾಯಿತು. ಜನವರಿಯಲ್ಲಿ ಗೋಕರ್ಣ, ಎರಡು ದಿನ, ಅದೊಂದೇ ಊರು ಎಂದು ಒಪ್ಪಿಗೆಯಾಗಿದೆ. ತಾರೀಕನ್ನು ಪಂಚಾಂಗವನ್ನೂ ಉಬ್ಬರದ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ ಮುಂದಿನ ವಾರ ತಿಳಿಸುತ್ತೇವೆ ಎಂದಿದ್ದೇವೆ.